ಸ್ವಿಚ್ಚಿನ ಬಾಗಿಲಿಗೊಂದು ಪಟ್ಟಿ: ಮ್ಯಾಕ್ ವಿಳಾಸದ ಫಿಲ್ಟರ್ ಹಾಕೋದು ಹೇಗೆ?

ಸಂಘದ ಇ-ಪುಸ್ತಿಕೆಗೆ ಏನಾದ್ರೂ ಬರೆದುಕೊಡಿ ಅಂತ ಕೇಳಿದಾಗ ನಮ್ಮ ಮನೆಯಲ್ಲಿ ಒಂದು ಸಣ್ಣ ಚರ್ಚೆ ಆಯ್ತು. ಊರಿನ ಮಳೆ, ಅಮ್ಮನ ಕೈರುಚಿ, ಮೊದಲ ಸಲ ವಿಮಾನ ಹತ್ತಿದ್ದು, ಇವನ್ನೆಲ್ಲ ನಮಗಿಂತ ಚೆನ್ನಾಗಿ ಬರೆಯೋರು ಬಹಳ ಜನ ಇದ್ದಾರೆ. ನಾವು ನಾಲ್ವರೂ ನೆಟ್‌ವರ್ಕಿಂಗ್ ಓದುತ್ತಿರುವವರು. ಫಾರ್ಮರ್ಸ್ ಬ್ರಾಂಚ್‌ನಲ್ಲಿ ಒಂದೇ ಅಪಾರ್ಟ್‌ಮೆಂಟ್ ಹಂಚಿಕೊಂಡು, ಹಾಲ್‌ನ ಮೂಲೆಯಲ್ಲಿ ಒಂದು ಹಳೇ ಸ್ವಿಚ್ ಇಟ್ಟುಕೊಂಡು, ರಾತ್ರಿ ಅನ್ನ-ಸಾರು ಆದ ಮೇಲೆ ಅದರ ಮುಂದೆ ಕೂತು ಕಲಿತವರು. ಹಾಗಾಗಿ ನಮಗೆ ಗೊತ್ತಿರೋದನ್ನೇ ಬರೆಯೋಣ ಅಂತ ತೀರ್ಮಾನಿಸಿದೆವು. ಈ ಪಾಠದ ವಿಷಯ ಸ್ವಿಚ್‌ನಲ್ಲಿ ಮ್ಯಾಕ್ ವಿಳಾಸದ ಫಿಲ್ಟರ್. ಇದರಲ್ಲಿ ನಾವು ಎರಡು ಸಲ ಎಡವಿದೆವು, ಒಂದು ಸಲ ಬಹಳ ದುಬಾರಿ ಹೊತ್ತಿನಲ್ಲಿ. ನೀವು ಎಡವದಿರಲಿ ಅನ್ನೋದಷ್ಟೇ ನಮ್ಮ ಉದ್ದೇಶ.

ಒಂದು ಸೂಚನೆ: ಆಜ್ಞೆಗಳನ್ನು ಇಲ್ಲಿ ಓದಿದಾಗ ಕೇಳಿಸುವ ಹಾಗೆ ಕನ್ನಡದಲ್ಲೇ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನಮ್ಮದು ಸಿಸ್ಕೊ ಕ್ಯಾಟಲಿಸ್ಟ್ 3560. ಬೇರೆ ಕಂಪನಿಯ ಸ್ವಿಚ್‌ನಲ್ಲಿ ಪದಗಳು ಬದಲಾಗುತ್ತವೆ, ತತ್ವ ಬದಲಾಗಲ್ಲ.

1. ಮ್ಯಾಕ್ ವಿಳಾಸ ಅಂದ್ರೆ ಗಾಡಿಯ ನಂಬರ್ ಪ್ಲೇಟ್

ಊರಲ್ಲಿ ರಸ್ತೆ ಬದಿ ನಿಂತಾಗ ಕೆಎ 09 ಅಂತ ಕಂಡರೆ ಮೈಸೂರಿನ ಗಾಡಿ, ಕೆಎ 19 ಅಂದ್ರೆ ಮಂಗಳೂರಿಂದು ಅಂತ ಹೇಳಿಬಿಡ್ತೀವಿ. ಮೊದಲ ಭಾಗ ನೋಂದಣಿ ಕಚೇರಿಯದ್ದು, ಉಳಿದದ್ದು ಆ ಗಾಡಿಯದ್ದು. ಮ್ಯಾಕ್ ವಿಳಾಸವೂ ಇದೇ ರೀತಿ. ಒಟ್ಟು 48 ಬಿಟ್, ಬರೆಯುವಾಗ 12 ಹೆಕ್ಸ್ ಅಂಕಿ. ಮೊದಲ 24 ಬಿಟ್ಟನ್ನು ಐಇಇಇ ಸಂಸ್ಥೆ ತಯಾರಕ ಕಂಪನಿಗೆ ಹಂಚುತ್ತದೆ. ಉಳಿದ 24 ಬಿಟ್ಟನ್ನು ಆ ಕಂಪನಿ ತನ್ನ ಒಂದೊಂದು ಕಾರ್ಡಿಗೂ ಕೊಡುತ್ತದೆ. ಹೀಗೆ ಒಂದು ಹಂಚಿಕೆಯಲ್ಲಿ ಸುಮಾರು 1.67 ಕೋಟಿ ವಿಳಾಸ ಸಿಗುತ್ತವೆ.

ಸಿಸ್ಕೊ ಇದನ್ನು ನಾಲ್ಕು ನಾಲ್ಕು ಅಂಕಿಯ ಮೂರು ಗುಂಪು ಮಾಡಿ, ನಡುವೆ ಚುಕ್ಕೆ ಇಟ್ಟು ಬರೆಯುತ್ತದೆ: 0000.5ಇ00.5301. ಈ ಪಾಠದಲ್ಲಿ ಬರುವ ಸಾಧನಗಳ ವಿಳಾಸ ಯಾರದ್ದೋ ಲ್ಯಾಪ್‌ಟಾಪಿನದ್ದಲ್ಲ, ಪುಸ್ತಕಗಳಲ್ಲಿ ಉದಾಹರಣೆ ಕೊಡೋಕೆ ಅಂತಲೇ ಮೀಸಲಿಟ್ಟ ಗುಂಪಿನದ್ದು.

ನಂಬರ್ ಪ್ಲೇಟ್ ಹೋಲಿಕೆಯನ್ನು ನೆನಪಿಟ್ಟುಕೊಳ್ಳಿ. ಪ್ಲೇಟ್ ನೋಡಿ ಗಾಡಿ ಬಿಡಬಹುದು, ತಡೆಯಬಹುದು. ಆದರೆ ಪ್ಲೇಟನ್ನು ಸ್ಕ್ರೂ ಬಿಚ್ಚಿ ಬದಲಾಯಿಸಲೂಬಹುದು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರ್ತೀವಿ.

2. ಸ್ವಿಚ್ ಹೇಗೆ ಕಲಿಯುತ್ತೆ?

ಸ್ವಿಚ್ಚಿಗೆ ಒಂದು ಫ್ರೇಮ್ ಬಂದಾಗ ಅದು ಎರಡು ಕೆಲಸ ಮಾಡುತ್ತೆ. ಕಳಿಸಿದವರ ವಿಳಾಸ ನೋಡಿ, "ಇವರು 5ನೇ ಪೋರ್ಟಿನಲ್ಲಿ ಇದ್ದಾರೆ" ಅಂತ ತನ್ನ ಕೋಷ್ಟಕದಲ್ಲಿ ಬರೆದುಕೊಳ್ಳುತ್ತೆ. ಆಮೇಲೆ ಸೇರಬೇಕಾದವರ ವಿಳಾಸ ಕೋಷ್ಟಕದಲ್ಲಿದ್ದರೆ ಆ ಪೋರ್ಟಿಗೆ ಮಾತ್ರ ಕಳಿಸುತ್ತೆ. ಇಲ್ಲದಿದ್ದರೆ, ಬಂದ ಪೋರ್ಟ್ ಬಿಟ್ಟು ಅದೇ ವಿಎಲ್ಯಾನ್‌ನ ಉಳಿದೆಲ್ಲ ಪೋರ್ಟಿಗೂ ಸುರಿಯುತ್ತೆ. ಯಾರಾದರೂ 300 ಸೆಕೆಂಡ್ ಮಾತಾಡದೆ ಇದ್ದರೆ ಅವರ ಹೆಸರು ಕೋಷ್ಟಕದಿಂದ ಹೋಗುತ್ತೆ. ಇದು ಸಿಸ್ಕೊದಲ್ಲಿ ಮೊದಲೇ ಇಟ್ಟಿರುವ ಅವಧಿ.

ಗಮನಿಸಿ, ಇಲ್ಲಿ ಸ್ವಿಚ್ ಯಾರನ್ನೂ "ನೀನು ಯಾರು?" ಅಂತ ಕೇಳಲಿಲ್ಲ. ಬಂದವರು ಹೇಳಿದ ಹೆಸರನ್ನು ಹಾಗೇ ನಂಬಿತು. ಫಿಲ್ಟರ್ ಬೇಕಾಗೋದು ಇದಕ್ಕೇ.

ಟೆಕ್ಸಸ್‌ನಲ್ಲಿ ಕೂತು ಇದನ್ನು ಓದುವವರಿಗೆ ಎರಡು ಸ್ವಾರಸ್ಯದ ವಿಷಯ. 1973ರಲ್ಲಿ ಜೆರಾಕ್ಸ್ ಪಾರ್ಕ್‌ನಲ್ಲಿ ಈಥರ್ನೆಟ್ ರೂಪಿಸಿದ ಬಾಬ್ ಮೆಟ್‌ಕಾಫ್ 2011ರಿಂದ ಹಲವು ವರ್ಷ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 2022ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಅವರಿಗೇ ಬಂತು. ಇನ್ನೊಂದು, 1990ರಲ್ಲಿ ಮೊದಲ ಈಥರ್ನೆಟ್ ಸ್ವಿಚ್ ಮಾರುಕಟ್ಟೆಗೆ ತಂದ ಕಂಪನಿಯ ಹೆಸರು ಕಲ್ಪನಾ! ಸ್ಥಾಪಕರಲ್ಲೊಬ್ಬರಾದ ಭಾರತ ಮೂಲದ ವಿನೋದ್ ಭಾರದ್ವಾಜ್ ತಮ್ಮ ಪತ್ನಿಯ ಹೆಸರನ್ನೇ ಇಟ್ಟಿದ್ದರು. ಆ ಸ್ವಿಚ್ಚಿಗೆ ಇದ್ದದ್ದು ಏಳೇ ಪೋರ್ಟು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು. ನಮ್ಮಮ್ಮಂದಿರಿಗೆ ಕಲ್ಪನಾ ಅಂದ್ರೆ ಮಿನುಗುತಾರೆ. ನೆಟ್‌ವರ್ಕಿಂಗ್‌ನವರಿಗೆ ಮಿನುಗುವ ಪೋರ್ಟ್ ದೀಪ.

3. ಮೊದಲ ದಾರಿ: ಮ್ಯಾಕ್ ಆಕ್ಸೆಸ್ ಲಿಸ್ಟ್

ಲ್ಯಾಪ್‌ಟಾಪಿನಿಂದ ಕನ್ಸೋಲ್ ಕೇಬಲ್ ಹಾಕಿ (ವೇಗ 9600), ಕಾನ್ಫಿಗರೇಶನ್ ಮೋಡ್‌ಗೆ ಹೋಗಿ. ಕನ್ಸೋಲ್ ಕೇಬಲ್ಲೇ ಯಾಕೆ ಅಂದ್ರೆ, ನೆಟ್‌ವರ್ಕ್ ಮೂಲಕ ಒಳಗೆ ಹೋಗಿ ಫಿಲ್ಟರ್ ಹಾಕುವಾಗ ತಪ್ಪಿದರೆ ನಿಮ್ಮನ್ನೇ ಹೊರಗೆ ಹಾಕಿಕೊಳ್ತೀರಿ. ಒಳಗಿಂದ ಬೀಗ ಹಾಕಿ, ಕೀಲಿಕೈಯನ್ನು ಕಿಟಕಿಯಿಂದ ಎಸೆದ ಹಾಗೆ ಆಗುತ್ತೆ.

ಪಟ್ಟಿಗೊಂದು ಹೆಸರು ಕೊಟ್ಟು, ಸಾಲುಗಳನ್ನು ಬರೆಯಬೇಕು:

ಮ್ಯಾಕ್ ಆಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ ಮನೆಪಟ್ಟಿ
ಡಿನೈ ಹೋಸ್ಟ್ 0000.5ಇ00.5302 ಎನಿ
ಪರ್ಮಿಟ್ ಎನಿ ಎನಿ

ಆಮೇಲೆ ಆ ಪಟ್ಟಿಯನ್ನು ಪೋರ್ಟಿಗೆ ಅಂಟಿಸಬೇಕು:

ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 0/5
ಮ್ಯಾಕ್ ಆಕ್ಸೆಸ್-ಗ್ರೂಪ್ ಮನೆಪಟ್ಟಿ ಇನ್

ಇದರಲ್ಲಿ ನಾಲ್ಕು ನಿಯಮ ಮರೆಯಬಾರದು.

ಒಂದು, ಸ್ವಿಚ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತೆ. ಮೊದಲು ಹೊಂದಿದ ಸಾಲಿನಲ್ಲೇ ನಿಲ್ಲುತ್ತೆ. "ಎಲ್ಲರನ್ನೂ ಬಿಡು" ಅಂತ ಮೇಲೆ ಬರೆದು, ಕೆಳಗೆ ಒಬ್ಬರನ್ನು ತಡೆದರೆ ಆ ಕೆಳಗಿನ ಸಾಲನ್ನು ಯಾರೂ ಓದೋದೇ ಇಲ್ಲ.

ಎರಡು, ಪಟ್ಟಿಯ ಕೊನೆಯಲ್ಲಿ ಕಾಣದ ಒಂದು ಸಾಲು ಇರುತ್ತೆ: "ಉಳಿದವರೆಲ್ಲ ಬೇಡ". ನೀವು ಒಂದೇ ಒಂದು ಡಿನೈ ಬರೆದು, ಪರ್ಮಿಟ್ ಬರೆಯದೆ ಬಿಟ್ಟರೆ ಆ ಪಟ್ಟಿ ಎಲ್ಲರನ್ನೂ ತಡೆಯುತ್ತೆ.

ಮೂರು, ಈ ಸ್ವಿಚ್‌ನಲ್ಲಿ ಪೋರ್ಟಿನ ಪಟ್ಟಿ ಒಳಗೆ ಬರುವ ಫ್ರೇಮಿಗೆ ಮಾತ್ರ, ಹೊರಗೆ ಹೋಗುವುದಕ್ಕಲ್ಲ. ಅದಕ್ಕೇ ಆ "ಇನ್".

ನಾಲ್ಕು, ಒಂದೇ ಕಂಪನಿಯ ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಹಿಡಿಯಬಹುದು. ಕೆಎ 09ರ ಗಾಡಿಗಳೆಲ್ಲ ಬರಲಿ ಅಂದ ಹಾಗೆ. ಅದಕ್ಕೆ ವಿಳಾಸದ ಪಕ್ಕ ಮುಖವಾಡ ಬರೆಯಬೇಕು: 0000.5ಇ00.0000, ಆಮೇಲೆ 0000.00ಎಫ್‌ಎಫ್.ಎಫ್‌ಎಫ್‌ಎಫ್‌ಎಫ್. ಮುಖವಾಡದಲ್ಲಿ ಸೊನ್ನೆ ಇರುವ ಕಡೆ ಅಂಕಿ ಹೊಂದಲೇಬೇಕು, ಎಫ್ ಇರುವ ಕಡೆ ಏನಿದ್ದರೂ ಸರಿ. ಐಪಿ ವಿಳಾಸದ ಸಬ್‌ನೆಟ್ ಮಾಸ್ಕ್‌ಗೆ ಇದು ಉಲ್ಟಾ. ಪರೀಕ್ಷೆಯಲ್ಲಿ ಇಲ್ಲೇ ಅಂಕ ಹೋಗೋದು.

4. ನಾವು ಮೊದಲ ಸಲ ಎಡವಿದ್ದು

ಇಷ್ಟೆಲ್ಲ ಸರಿಯಾಗಿ ಮಾಡಿದೆವು. ಧಾರವಾಡದ ಗೆಳೆಯನ ಲ್ಯಾಪ್‌ಟಾಪಿನ ವಿಳಾಸ ಡಿನೈ ಸಾಲಿನಲ್ಲಿತ್ತು. ಆ ಲ್ಯಾಪ್‌ಟಾಪಿನಿಂದ ಆಗಲೇ ಪಿಂಗ್ ಓಡುತ್ತಿತ್ತು. ಪಟ್ಟಿ ಅಂಟಿಸಿದ್ದಾಯ್ತು, ಎಲ್ಲರೂ ಸ್ಕ್ರೀನ್ ನೋಡ್ತಾ ಕೂತೆವು. ಪಿಂಗ್ ನಿಲ್ಲಲೇ ಇಲ್ಲ!

"ಏ, ಇದೇನಲೇ, ನನ್ನ ಹೊರಗ ಹಾಕಾಕ ನಿಮ್ಮ ಕೈಲೆ ಆಗಂಗಿಲ್ಲ ಬಿಡ್ರಿ!" ಅಂತ ಅವನ ನಗು.

ವಿಳಾಸ ತಪ್ಪಿತಾ? ಇಲ್ಲ. ಪೋರ್ಟ್ ತಪ್ಪಿತಾ? ಇಲ್ಲ. ರಾತ್ರಿ ಎರಡರವರೆಗೂ ಹುಡುಕಿದ ಮೇಲೆ ಕೈಪಿಡಿಯ ಒಂದೇ ಸಾಲಿನಲ್ಲಿ ಉತ್ತರ ಸಿಕ್ಕಿತು. ಈ ಸ್ವಿಚ್‌ಗಳಲ್ಲಿ ಮ್ಯಾಕ್ ಆಕ್ಸೆಸ್ ಲಿಸ್ಟ್ ತಡೆಯುವುದು ಐಪಿ ಅಲ್ಲದ ಸಂಚಾರವನ್ನು ಮಾತ್ರ. ಐಪಿ ಪ್ಯಾಕೆಟ್ ಬಂದರೆ ಅದು ಐಪಿ ಪಟ್ಟಿಯನ್ನು ಕೇಳುತ್ತೆ, ಮ್ಯಾಕ್ ಪಟ್ಟಿಯನ್ನು ನೋಡೋದೇ ಇಲ್ಲ. ಪಿಂಗ್ ಐಪಿ ಮೇಲೆ ಓಡೋದು, ಹಾಗಾಗಿ ನಮ್ಮ ಪಟ್ಟಿ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ.

ಹೆಸರು ಮ್ಯಾಕ್ ಪಟ್ಟಿ, ಹಾಗಾಗಿ ಮ್ಯಾಕ್ ಇರುವ ಎಲ್ಲವನ್ನೂ ತಡೆಯುತ್ತೆ ಅಂತ ನಾವು ಅಂದುಕೊಂಡಿದ್ದೇ ತಪ್ಪು. ಬೇರೆ ಕಂಪನಿಗಳ ಕೆಲವು ಸ್ವಿಚ್‌ಗಳಲ್ಲಿ ಇದೇ ಪಟ್ಟಿ ಐಪಿಯನ್ನೂ ತಡೆಯುತ್ತೆ. ಅದಕ್ಕೇ ನಿಮ್ಮ ಮಾದರಿಯ ಕೈಪಿಡಿ ಓದದೆ, ಒಂದು ಸಲ ಪರೀಕ್ಷಿಸದೆ, "ಫಿಲ್ಟರ್ ಹಾಕಿದ್ದೀನಿ" ಅಂತ ಯಾರಿಗೂ ಹೇಳಬೇಡಿ. ಕೆಲಸದ ಜಾಗದಲ್ಲಿ ಹಾಗೆ ಹೇಳಿ, ತೆರೆದ ಬಾಗಿಲನ್ನು ಮುಚ್ಚಿದೆ ಅಂತ ನಂಬಿಸಿದರೆ, ಫಿಲ್ಟರ್ ಇಲ್ಲದೇ ಇರುವುದಕ್ಕಿಂತ ಅದು ಕೆಟ್ಟದ್ದು.

ನಮಗೆ ಬೇಕಾಗಿದ್ದ ಆಜ್ಞೆ ಬೇರೆಯೇ ಇತ್ತು:

ಮ್ಯಾಕ್ ಅಡ್ರೆಸ್-ಟೇಬಲ್ ಸ್ಟಾಟಿಕ್ 0000.5ಇ00.5302 ವಿಎಲ್ಯಾನ್ 10 ಡ್ರಾಪ್

ಇದು ಆ ವಿಎಲ್ಯಾನ್‌ನಲ್ಲಿ ಆ ವಿಳಾಸದಿಂದ ಬರುವ, ಆ ವಿಳಾಸಕ್ಕೆ ಹೋಗುವ ಫ್ರೇಮುಗಳನ್ನು ಕೆಳಗೆ ಹಾಕುತ್ತೆ, ಐಪಿ ಆಗಲಿ ಬೇರೇನೇ ಆಗಲಿ. ಇದನ್ನು ಕೊಟ್ಟ ಕೂಡಲೇ ಪಿಂಗ್ ನಿಂತಿತು. "ಈಗ ಹೋತ್ ನೋಡ್ರಿ" ಅಂತ ಒಪ್ಪಿಕೊಂಡ. ಚಹಾ ಅವನೇ ಮಾಡಿದ.

5. ಎರಡನೇ ದಾರಿ: ಪೋರ್ಟ್ ಸೆಕ್ಯೂರಿಟಿ

ಮೇಲಿನದು "ಇವರು ಬೇಡ" ಅನ್ನೋ ಪಟ್ಟಿ. ಬೇಡದವರ ವಿಳಾಸ ಮೊದಲೇ ಗೊತ್ತಿರಬೇಕು. ನಿಜವಾದ ಕಚೇರಿಯಲ್ಲಿ ಬೇಕಾಗೋದು ಸಾಮಾನ್ಯವಾಗಿ ಉಲ್ಟಾ: "ಈ ಪೋರ್ಟಿನಲ್ಲಿ ಇವರು ಮಾತ್ರ". ಅದಕ್ಕೆ ಪೋರ್ಟ್ ಸೆಕ್ಯೂರಿಟಿ.

ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 0/7
ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ ಮ್ಯಾಕ್ಸಿಮಮ್ 2
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ ಮ್ಯಾಕ್-ಅಡ್ರೆಸ್ ಸ್ಟಿಕಿ
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ ವಯಲೇಶನ್ ರೆಸ್ಟ್ರಿಕ್ಟ್
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ

ಕೊನೆಯ ಸಾಲು ನೋಡಿ. ಮುಂದೆ ಏನೂ ಇಲ್ಲದ ಬರೀ "ಪೋರ್ಟ್-ಸೆಕ್ಯೂರಿಟಿ". ಚಾಲೂ ಮಾಡೋದು ಇದೇ. ಮೇಲಿನದ್ದೆಲ್ಲ ಬರೆದು ಇದನ್ನು ಮರೆತರೆ ಏನೂ ಆಗಲ್ಲ. ಹಾಗೇ ಮೋಡ್ ಆಕ್ಸೆಸ್ ಮೊದಲೇ ಹೇಳದಿದ್ದರೆ, ಡೈನಮಿಕ್ ಪೋರ್ಟ್ ಅಂತ ಹೇಳಿ ಸ್ವಿಚ್ ನಿಮ್ಮ ಆಜ್ಞೆಯನ್ನೇ ತಿರಸ್ಕರಿಸುತ್ತೆ.

ಸ್ಟಿಕಿ ಅಂದ್ರೆ, ಮೊದಲು ಬಂದವರ ವಿಳಾಸವನ್ನು ಸ್ವಿಚ್ ತಾನೇ ಕಲಿತು ಕಾನ್ಫಿಗರೇಶನ್‌ಗೆ ಅಂಟಿಸಿಕೊಳ್ಳುತ್ತೆ. ನಾವು ಒಂದೊಂದಾಗಿ ಟೈಪ್ ಮಾಡಬೇಕಾಗಿಲ್ಲ. ಆದರೆ ಅದು ಅಂಟೋದು ಸದ್ಯ ಓಡುತ್ತಿರುವ ಕಾನ್ಫಿಗರೇಶನ್‌ಗೆ. ಸೇವ್ ಮಾಡದೆ ಸ್ವಿಚ್ ಆರಿಸಿದರೆ ಎಲ್ಲ ಮರೆತುಹೋಗುತ್ತೆ.

ಅಪರಿಚಿತರು ಬಂದರೆ ಏನು ಮಾಡಬೇಕು ಅನ್ನೋದಕ್ಕೆ ಮೂರು ಆಯ್ಕೆ:

ಪ್ರೊಟೆಕ್ಟ್: ಅವರ ಫ್ರೇಮನ್ನು ಸುಮ್ಮನೆ ಬಿಸಾಡುತ್ತೆ, ಯಾರಿಗೂ ಹೇಳಲ್ಲ.
ರೆಸ್ಟ್ರಿಕ್ಟ್: ಬಿಸಾಡುತ್ತೆ, ಲೆಕ್ಕ ಇಡುತ್ತೆ, ಲಾಗ್‌ನಲ್ಲಿ ಬರೆಯುತ್ತೆ.
ಶಟ್‌ಡೌನ್: ಇಡೀ ಪೋರ್ಟನ್ನೇ ಮುಚ್ಚಿಬಿಡುತ್ತೆ.

ನೀವು ಏನೂ ಹೇಳದಿದ್ದರೆ ಸ್ವಿಚ್ ತೆಗೆದುಕೊಳ್ಳೋದು ಒಬ್ಬರೇ ಅತಿಥಿ, ತಪ್ಪಿದರೆ ಶಟ್‌ಡೌನ್. ಇಲ್ಲೇ ನಾವು ಎರಡನೇ ಸಲ ಎಡವಿದ್ದು.

6. ಇಂಟರ್‌ವ್ಯೂ ದಿನ

ನಮ್ಮಲ್ಲಿ ಒಬ್ಬ ಓಪಿಟಿಯಲ್ಲಿದ್ದ. ಓದು ಮುಗಿದ ಮೇಲಿನ ಓಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವ ಹಾಗಿಲ್ಲ ಅನ್ನೋದು ನಿಮಗೆಲ್ಲ ಗೊತ್ತು. ಆ ಲೆಕ್ಕ ನಮ್ಮ ಫ್ರಿಜ್ ಬಾಗಿಲ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ನಡೀತಿತ್ತು. ಅಷ್ಟರಲ್ಲಿ ಒಂದು ವಿಡಿಯೊ ಇಂಟರ್‌ವ್ಯೂ ಬಂತು. ವೈಫೈ ನಂಬೋದು ಬೇಡ, ಕೇಬಲ್ಲೇ ಗಟ್ಟಿ ಅಂತ ಸ್ವಿಚ್ಚಿನ 7ನೇ ಪೋರ್ಟಿಗೆ ಹಾಕಿಕೊಂಡು ಕೂತ. ಆ ಪೋರ್ಟಿನಲ್ಲಿ ಅವನ ಲ್ಯಾಪ್‌ಟಾಪ್ ವಾರದಿಂದ ಚೆನ್ನಾಗಿಯೇ ಓಡ್ತಿತ್ತು.

ಆದರೆ ಅವತ್ತು ಎರಡನೇ ಮಾನಿಟರ್ ಬೇಕು ಅಂತ ಇನ್ನೊಬ್ಬನ ಡಾಕ್ ಎರವಲು ತಗೊಂಡಿದ್ದ. ಕೇಬಲ್ಲನ್ನು ಲ್ಯಾಪ್‌ಟಾಪಿನ ಬದಲು ಡಾಕಿಗೆ ಹಾಕಿದ. ಡಾಕಿನ ಒಳಗೆ ಅದರದ್ದೇ ಈಥರ್ನೆಟ್ ಕಾರ್ಡ್ ಇರುತ್ತೆ, ಅದಕ್ಕೆ ಅದರದ್ದೇ ಮ್ಯಾಕ್ ವಿಳಾಸ. ಮನುಷ್ಯ ಅವನೇ, ಲ್ಯಾಪ್‌ಟಾಪ್ ಅದೇ, ಪ್ಲೇಟ್ ಮಾತ್ರ ಬೇರೆ. ಸ್ವಿಚ್ ಒಂದು ಫ್ರೇಮ್ ನೋಡಿತು, ಪೋರ್ಟ್ ಮುಚ್ಚಿತು. ದೀಪ ಹೋಯ್ತು.

ಇಂಟರ್‌ವ್ಯೂಗೆ ಉಳಿದಿದ್ದು ಹತ್ತು ನಿಮಿಷ. "ಮಗಾ, ನೆಟ್ ಇಲ್ಲ ಕಣೋ!" ಅನ್ನೋ ಕೂಗಿಗೆ ಎಲ್ಲರೂ ಓಡಿಬಂದೆವು. ಕೇಬಲ್ ಕಿತ್ತು ಹಾಕಿದ್ವಿ, ಬದಲಾಯಿಸಿದ್ವಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದ್ವಿ. ನಾವೇ ಹಾಕಿದ ಫಿಲ್ಟರ್ ಯಾರಿಗೂ ನೆನಪಿಗೆ ಬರಲಿಲ್ಲ. ಕೊನೆಗೆ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಇಂಟರ್‌ವ್ಯೂ ನಡೀತು. ಆ ಒಂದು ಗಂಟೆ ನಾವು ಮೂವರು ಅಡುಗೆಮನೆಯಲ್ಲಿ ಕುಕ್ಕರ್ ಕೂಡ ಹಚ್ಚದೆ ಕೂತಿದ್ದೆವು.

ಆಮೇಲೆ ಸಮಾಧಾನವಾಗಿ ಹುಡುಕಿದ ಕ್ರಮ ಇದು. ನೀವೂ ಬರೆದಿಟ್ಟುಕೊಳ್ಳಿ:

ಶೋ ಇಂಟರ್‌ಫೇಸಸ್ ಸ್ಟೇಟಸ್ ಎರ್-ಡಿಸೇಬಲ್ಡ್: ಯಾವ ಪೋರ್ಟ್ ಮುಚ್ಚಿದೆ, ಯಾಕೆ ಅಂತ ಹೇಳುತ್ತೆ.
ಶೋ ಪೋರ್ಟ್-ಸೆಕ್ಯೂರಿಟಿ ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 0/7: ಕೊನೆಗೆ ಕಂಡ ವಿಳಾಸ ಯಾವುದು ಅಂತ ತೋರಿಸುತ್ತೆ. ಅದನ್ನು ಡಾಕಿನ ಹಿಂದಿನ ಚೀಟಿಯ ಜೊತೆ ಹೋಲಿಸಿ ನೋಡಿದಾಗ ಗುಟ್ಟು ಬಯಲಾಯ್ತು.
ಪೋರ್ಟಿಗೆ ಹೋಗಿ ಶಟ್‌ಡೌನ್, ಆಮೇಲೆ ನೋ ಶಟ್‌ಡೌನ್: ಮತ್ತೆ ತೆರೆಯುತ್ತೆ.

ಆದರೆ ಬರೀ ತೆರೆದರೆ ಸಾಲದು. ಹಳೇ ವಿಳಾಸ ಇನ್ನೂ ಅಂಟಿಕೊಂಡೇ ಇರುತ್ತೆ, ಮಿತಿ ಒಂದೇ ಇದ್ದರೆ ಡಾಕ್ ಮಾತಾಡಿದ ಕೂಡಲೇ ಮತ್ತೆ ಮುಚ್ಚುತ್ತೆ. ಒಂದೋ ಹಳೆಯದನ್ನು ಅಳಿಸಿ, ಇಲ್ಲಾ ಮಿತಿ ಹೆಚ್ಚಿಸಿ. ತಾನಾಗೇ ತೆರೆಯಲಿ ಅಂದ್ರೆ ಎರ್‌ಡಿಸೇಬಲ್ ರಿಕವರಿ ಕಾಸ್ ಪಿಸೆಕ್ಯೂರ್-ವಯಲೇಶನ್ ಅಂತ ಕೊಡಬಹುದು. ಆಗ 300 ಸೆಕೆಂಡಿಗೆ ಮತ್ತೆ ಪ್ರಯತ್ನಿಸುತ್ತೆ.

ಡಾಕ್ ಒಂದೇ ಅಲ್ಲ. ಬ್ರಿಡ್ಜ್ ಮೋಡ್‌ನಲ್ಲಿರುವ ವರ್ಚುವಲ್ ಮೆಷೀನಿಗೆ ಅದರದ್ದೇ ವಿಳಾಸ. ಮೇಜಿನ ಐಪಿ ಫೋನಿಗೆ ಒಂದು, ಅದರ ಹಿಂದೆ ಚುಚ್ಚಿದ ಕಂಪ್ಯೂಟರಿಗೆ ಇನ್ನೊಂದು. ಮಿತಿ ಇಡುವ ಮುಂಚೆ ಆ ಮೇಜಿನ ಮೇಲೆ ಏನೇನಿದೆ ಅಂತ ಕಣ್ಣಾರೆ ನೋಡಿ ಎಣಿಸಿ. ಮನೆಯಲ್ಲಿ ಆದರೆ ಪಟ್ಟಿ ಹಾಕುವ ಮುಂಚೆ ರೂಮ್‌ಮೇಟ್‌ಗಳಿಗೆ ಹೇಳಿ. ನಮ್ಮ ಸ್ವಿಚ್ಚಿನ ಮೇಲೆ ಈಗ ಒಂದು ಚೀಟಿ ಇದೆ: ಯಾವ ಪೋರ್ಟಿನಲ್ಲಿ ಏನು ಫಿಲ್ಟರ್, ಯಾರು ಹಾಕಿದ್ದು, ಯಾವ ದಿನ.

7. ಫೋನುಗಳ ದಿನಕ್ಕೊಂದು ವೇಷ

ಆಂಡ್ರಾಯ್ಡ್ 10 (2019), ಐಓಎಸ್ 14 (2020) ಬಂದ ಮೇಲೆ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಕೊಡದೆ, ಆಯಾ ನೆಟ್‌ವರ್ಕಿಗೆ ಒಂದೊಂದು ಹುಟ್ಟುಹಾಕಿದ ವಿಳಾಸ ಕೊಡುತ್ತವೆ. ಬೇರೆ ಬೇರೆ ಕಡೆ ನಮ್ಮನ್ನು ಯಾರೂ ಹಿಂಬಾಲಿಸಬಾರದು ಅಂತ ಮಾಡಿದ ಒಳ್ಳೇ ಕೆಲಸವೇ ಇದು. ಆದರೆ ಮ್ಯಾಕ್ ಪಟ್ಟಿ ನಂಬಿದವರಿಗೆ ತಲೆನೋವು.

ಇಂಥ ವಿಳಾಸ ಗುರುತಿಸೋದು ಸುಲಭ. ಎರಡನೇ ಹೆಕ್ಸ್ ಅಂಕಿ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಐಇಇಇ ಹಂಚಿದ್ದಲ್ಲ, ಸಾಧನದಲ್ಲೇ ಇಟ್ಟುಕೊಂಡಿದ್ದು.

ಇನ್ನೊಂದು ಮಾತು. ಮ್ಯಾಕ್ ವಿಳಾಸ ರೌಟರ್ ದಾಟಲ್ಲ. ಸ್ವಿಚ್ಚಿನ ಪೋರ್ಟಿಗೆ ಮನೆಯ ವೈಫೈ ರೌಟರ್ ಹಾಕಿದ್ದರೆ, ಅದರ ಹಿಂದೆ ಹತ್ತು ಜನ ಇದ್ದರೂ ಸ್ವಿಚ್ಚಿಗೆ ಕಾಣೋದು ರೌಟರಿನ ಒಂದೇ ವಿಳಾಸ. ಅದೇ ಡಬ್ಬಿ ಬರೀ ಆಕ್ಸೆಸ್ ಪಾಯಿಂಟ್ ಆಗಿದ್ದರೆ ಹತ್ತೂ ಕಾಣುತ್ತವೆ. ಮಿತಿ ಇಡುವಾಗ ಈ ವ್ಯತ್ಯಾಸ ನೋಡಿಕೊಳ್ಳಿ.

8. ಎಷ್ಟು ನಂಬಬಹುದು?

ಪ್ಲೇಟ್ ಬದಲಾಯಿಸಬಹುದು ಅಂತ ಹೇಳಿದ್ದೆವಲ್ಲ. ಯಾವುದೇ ಲ್ಯಾಪ್‌ಟಾಪಿನಲ್ಲೂ ಒಂದೆರಡು ನಿಮಿಷದಲ್ಲಿ ಮ್ಯಾಕ್ ವಿಳಾಸ ಬದಲಿಸಬಹುದು. ಪ್ರಿಂಟರಿನ ಹಿಂದಿನ ಚೀಟಿ ಓದಿ ಆ ವಿಳಾಸ ಹಾಕಿಕೊಂಡು, ಪ್ರಿಂಟರಿನ ಕೇಬಲ್ ಕಿತ್ತು ತನ್ನದಕ್ಕೆ ಹಾಕಿದವರನ್ನು ಪೋರ್ಟ್ ಸೆಕ್ಯೂರಿಟಿ ಪ್ರಿಂಟರ್ ಅಂತಲೇ ಒಳಗೆ ಬಿಡುತ್ತೆ.

ಹಾಗಾದರೆ ಯಾಕೆ ಹಾಕಬೇಕು? ಯಾರೋ ಗೊತ್ತಿಲ್ಲದೆ ತಂದು ಚುಚ್ಚುವ ಸಾಧನ ತಡೆಯೋಕೆ. ಸಾವಿರಾರು ಸುಳ್ಳು ವಿಳಾಸ ಕಳಿಸಿ ಸ್ವಿಚ್ಚಿನ ಕೋಷ್ಟಕ ತುಂಬಿಸಿ, ಅದು ಎಲ್ಲವನ್ನೂ ಎಲ್ಲ ಪೋರ್ಟಿಗೂ ಸುರಿಯುವಂತೆ ಮಾಡುವ ದಾಳಿ ತಡೆಯೋಕೆ. ಈ ಎರಡಕ್ಕೂ ಮಿತಿ ಇಡೋದು ಒಳ್ಳೇ ಮದ್ದು. "ನೀನು ಯಾರು?" ಅಂತ ನಿಜವಾಗಿ ಕೇಳಬೇಕಾದರೆ 802.1ಎಕ್ಸ್ ಬೇಕು. ಅಲ್ಲಿ ಸಾಧನ ಹೆಸರು-ಪಾಸ್‌ವರ್ಡ್ ಅಥವಾ ಪ್ರಮಾಣಪತ್ರ ತೋರಿಸಿದ ಮೇಲೇ ಬಾಗಿಲು ತೆರೆಯುತ್ತೆ. ಕ್ಯಾಂಪಸ್‌ನಲ್ಲಿ ನೀವು ಎಜುರೋಮ್‌ಗೆ ಲಾಗಿನ್ ಆಗುವಾಗ ಬಳಸೋದು ಅದನ್ನೇ.

ಕಡೆಯದಾಗಿ ಒಂದು ಎಚ್ಚರಿಕೆ. ಇದನ್ನೆಲ್ಲ ನಿಮ್ಮ ಸ್ವಂತ ಸ್ವಿಚ್‌ನಲ್ಲಿ ಅಥವಾ ಲ್ಯಾಬಿನಲ್ಲಿ ಅನುಮತಿ ಪಡೆದು ಮಾಡಿ. ಕ್ಯಾಂಪಸ್ ನೆಟ್‌ವರ್ಕಿನಲ್ಲಿ "ನೋಡೋಣ ಏನಾಗುತ್ತೆ" ಅಂತ ಬೇರೆಯವರ ವಿಳಾಸ ಹಾಕಿಕೊಂಡು ಪ್ರಯೋಗ ಮಾಡಬೇಡಿ. ಶಿಸ್ತಿನ ಕ್ರಮ ಆದರೆ ವೀಸಾದಲ್ಲಿರುವ ನಮಗೆ ಅದು ಬರೀ ಒಂದು ಪತ್ರವಾಗಿ ಮುಗಿಯದೇ ಇರಬಹುದು.

9. ಸ್ವಲ್ಪ ಅಭ್ಯಾಸ

ಅ) ಡಿಎ00.5ಇ00.5310 ಇದು ಕಂಪನಿ ಕೊಟ್ಟ ವಿಳಾಸವೋ, ಸಾಧನ ಹುಟ್ಟುಹಾಕಿದ್ದೋ?
ಆ) ಪಟ್ಟಿಯಲ್ಲಿ ಒಂದೇ ಸಾಲು, ಒಬ್ಬರಿಗೆ ಡಿನೈ. ಉಳಿದವರ ಗತಿ?
ಇ) ಮಿತಿ 2, ರೆಸ್ಟ್ರಿಕ್ಟ್. ಆ ಪೋರ್ಟಿಗೆ ಸಣ್ಣ ಹಬ್ ಹಾಕಿ ಮೂರು ಲ್ಯಾಪ್‌ಟಾಪ್ ಜೋಡಿಸಿದರೆ?

ಉತ್ತರ: ಅ) ಎರಡನೇ ಅಂಕಿ ಎ, ಹಾಗಾಗಿ ಹುಟ್ಟುಹಾಕಿದ್ದು. ಆ) ಕಾಣದ ಸಾಲಿನಿಂದ ಅವರೂ ಹೊರಗೆ, ಆದರೆ ನಮ್ಮ ಮಾದರಿಯ ಸ್ವಿಚ್‌ನಲ್ಲಿ ಐಪಿ ಅಲ್ಲದ ಸಂಚಾರಕ್ಕೆ ಮಾತ್ರ. ಇ) ಮೊದಲು ಮಾತಾಡಿದ ಇಬ್ಬರಿಗೆ ನೆಟ್ ಸಿಗುತ್ತೆ, ಮೂರನೆಯವರಿಗೆ ಇಲ್ಲ, ಲಾಗ್‌ನಲ್ಲಿ ದಾಖಲಾಗುತ್ತೆ, ಪೋರ್ಟ್ ಮುಚ್ಚಲ್ಲ.

ಅಂದ ಹಾಗೆ, ಹಾಟ್‌ಸ್ಪಾಟ್ ಇಂಟರ್‌ವ್ಯೂ ಏನಾಯ್ತು ಅಂತ ಕೇಳ್ತೀರಿ. ಮೊದಲ ಸುತ್ತು ದಾಟಿತು. ಎರಡನೇ ಸುತ್ತಿನಲ್ಲಿ ಕೇಳಿದ ಒಂದು ಪ್ರಶ್ನೆ: "ಒಂದು ಪೋರ್ಟ್ ಇದ್ದಕ್ಕಿದ್ದಂತೆ ಸತ್ತುಹೋದರೆ ಹೇಗೆ ಹುಡುಕ್ತೀರಿ?" ನಮ್ಮವನು ಡಾಕಿನ ಕತೆ ಹೇಳಿದ. ಕ್ಯಾಲೆಂಡರಿನ ಕೆಂಪು ಲೆಕ್ಕ 71ರಲ್ಲಿ ನಿಂತಿತು.